ಟಿವಿ ಕೆಟ್ಟಿಲ್ಲ, ಸೋರ್ಸ್ ತಪ್ಪಿದೆ: ರಿಮೋಟ್ ಇದ್ದರೂ ಇಲ್ಲದಿದ್ದರೂ ಸರಿಮಾಡಿಕೊಳ್ಳುವ ದಾರಿ

ಟಿವಿ ಮೇಲೆ ‘ನೋ ಸಿಗ್ನಲ್’ ಅಂತ ಬಂದ ಕೂಡಲೇ ಕೇಬಲ್‌ನವರಿಗೆ ಫೋನ್ ಮಾಡಬೇಡಿ. ಐದು ನಿಮಿಷ ತಡೆಯಿರಿ. ಬಹಳ ಸಲ ಕೇಬಲ್ಲೂ ಸರಿಯಾಗಿರುತ್ತದೆ, ಟಿವಿಯೂ ಸರಿಯಾಗಿರುತ್ತದೆ, ಟಿವಿ ನೋಡುತ್ತಿರುವ ಕಡೆ, ಅಂದರೆ ಚಿತ್ರ ಎಲ್ಲಿಂದ ಬರಲಿ ಅಂತ ಕಾಯುತ್ತಿದೆಯೋ ಆ ‘ಸೋರ್ಸ್’ ಮಾತ್ರ ತಪ್ಪಿರುತ್ತದೆ.

ನಾನು ಇದನ್ನು ದುಡ್ಡು ಕೊಟ್ಟು ಕಲಿತವಳು. ಊರಿನಲ್ಲಿ ಅಮ್ಮನ ಟಿವಿ ಒಂದು ಸಂಜೆ ನೀಲಿ ಪರದೆ ತೋರಿಸಿ ನಿಂತುಬಿಟ್ಟಿತು. ಧಾರಾವಾಹಿ ಹೊತ್ತು ಬೇರೆ. ರಿಪೇರಿಯವರೊಬ್ಬರನ್ನು ಕರೆಸಿದರು. ಅವರು ಬಂದು, ಟಿವಿ ಹಿಂದೆ ಒಂದು ಸಲ ಟಾರ್ಚ್ ಬಿಟ್ಟು ನೋಡಿ, ರಿಮೋಟ್ ತೆಗೆದುಕೊಂಡು ಒಂದೇ ಬಟನ್ ಮೂರು ಸಲ ಒತ್ತಿ, ಚಿತ್ರ ಬಂದ ಮೇಲೆ ‘ಒಳಗೆ ಸ್ವಲ್ಪ ಲೂಸ್ ಆಗಿತ್ತಮ್ಮ’ ಅಂತ ಹೇಳಿ 350 ರೂಪಾಯಿ ಇಸಕೊಂಡು ಹೋದರು. ಆಗಿದ್ದಿಷ್ಟೇ. ರಜೆಗೆ ಬಂದಿದ್ದ ನನ್ನ ಮಗ ಪೆನ್ ಡ್ರೈವ್ ಹಾಕಿ ಸಿನಿಮಾ ನೋಡಿ, ಅದನ್ನು ಕಿತ್ತುಕೊಂಡು ಬಂದಿದ್ದ. ಟಿವಿ ಪಾಪ, ಇಲ್ಲದ ಪೆನ್ ಡ್ರೈವ್‌ಗೆ ಕಾಯುತ್ತಾ ಕೂತಿತ್ತು.

ಅವತ್ತಿನಿಂದ ನಮ್ಮ ಮನೆಯ ‘ಟಿವಿ ಡಾಕ್ಟರ್’ ನಾನೇ. ಅದೂ ಫೋನಿನಲ್ಲಿ, ಮುನ್ನೂರು ಕಿಲೋಮೀಟರ್ ದೂರದಿಂದ. ಹಾಗಾಗಿ ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ಅಮ್ಮನಿಗೆ ಹೇಳಿ ಹೇಳಿ ಪಳಗಿದ ಮಾತು.

ಮೊದಲು ತಿಳಿಯಬೇಕಾದ್ದು: ಯಾರು ಹೇಳುತ್ತಿದ್ದಾರೆ?

ಪರದೆ ಮೇಲೆ ‘ಸಿಗ್ನಲ್ ಇಲ್ಲ’ ಅನ್ನುವ ಮಾತು ಎರಡು ಕಡೆಯಿಂದ ಬರಬಹುದು. ಒಂದು ಟಿವಿಯೇ ಹೇಳುವುದು, ಇನ್ನೊಂದು ಸೆಟ್‌ಟಾಪ್ ಬಾಕ್ಸ್ ಹೇಳುವುದು. ಈ ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಪರೀಕ್ಷೆ ಸುಲಭ. ಸೆಟ್‌ಟಾಪ್ ಬಾಕ್ಸಿನ ರಿಮೋಟ್ ತೆಗೆದುಕೊಳ್ಳಿ, ಟಿವಿಯದ್ದಲ್ಲ. ಅದರಲ್ಲಿ ಮೆನು ಬಟನ್ ಒತ್ತಿ. ಪರದೆ ಮೇಲೆ ಬಾಕ್ಸಿನ ಮೆನು ಬಂತೋ? ಹಾಗಾದರೆ ಟಿವಿ ಸರಿಯಾದ ಸೋರ್ಸ್‌ನಲ್ಲೇ ಇದೆ. ತೊಂದರೆ ಡಿಶ್‌ನಲ್ಲೋ ಕೇಬಲ್‌ನಲ್ಲೋ ರೀಚಾರ್ಜ್‌ನಲ್ಲೋ ಇದೆ. ಜೋರು ಮಳೆ ಬರುತ್ತಿದ್ದರಂತೂ ಡಿಶ್‌ನವರು ಸುಮ್ನೆ ಕಾಯಬೇಕು, ದಪ್ಪ ಮೋಡ, ಮಳೆ ದಾಟಿ ಉಪಗ್ರಹದ ಸಿಗ್ನಲ್ ಕೆಳಗೆ ಬರುವಷ್ಟರಲ್ಲಿ ಸೊರಗಿ ಹೋಗಿರುತ್ತದೆ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಮೆನು ಬರಲೇ ಇಲ್ಲ, ಆದರೆ ಬಾಕ್ಸಿನಲ್ಲಿ ದೀಪ ಉರಿಯುತ್ತಿದೆ ಅಂದರೆ, ಟಿವಿ ಬೇರೆ ಕಡೆ ಮುಖ ಮಾಡಿ ಕೂತಿದೆ ಅಂತ ಅರ್ಥ. ಪರದೆಯ ಮೂಲೆಯಲ್ಲಿ ‘ಎಚ್‌ಡಿಎಂಐ 2’, ‘ಎವಿ’, ‘ಟಿವಿ’, ‘ಯುಎಸ್‌ಬಿ’ ಹೀಗೆ ಏನಾದರೂ ಬರೆದಿರುತ್ತದೆ. ಅದನ್ನು ಓದಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಿಂದೆ ಇರುವ ತೂತುಗಳು

ತೊಂಬತ್ತರ ದಶಕದಲ್ಲಿ ಈ ರಗಳೆ ಇರಲಿಲ್ಲ. ಆಂಟೆನಾ ವೈರೋ ಕೇಬಲ್ ವೈರೋ, ಸೀದಾ ಟಿವಿ ಹಿಂದಿನ ಒಂದೇ ತೂತಿಗೆ ಬರುತ್ತಿತ್ತು. ಆನ್ ಮಾಡಿದರೆ ಚಾನೆಲ್. ಆಮೇಲೆ ಕೇಬಲ್ ಡಿಜಿಟಲ್ ಆಯಿತು, ಬೆಂಗಳೂರು, ಮೈಸೂರುಗಳಿಗೆ 2013ರ ಮಾರ್ಚ್ 31ರ ಗಡುವು ಇತ್ತು. ಅಲ್ಲಿಂದ ವೈರ್ ಬಾಕ್ಸಿಗೆ, ಬಾಕ್ಸಿನಿಂದ ಇನ್ನೊಂದು ವೈರ್ ಟಿವಿಗೆ ಅಂತಾಯಿತು. ‘ಟಿವಿ’ ಅನ್ನುವ ಸೋರ್ಸ್ ಈಗಲೂ ಪಟ್ಟಿಯಲ್ಲಿ ಮೊದಲಿಗೇ ಇರುತ್ತದೆ, ಆದರೆ ಅದು ಆ ಹಳೇ ಆಂಟೆನಾ ತೂತು. ನಮ್ಮ ಹಿರಿಯರು ‘ಟಿವಿ ನೋಡಬೇಕು, ಹಾಗಾಗಿ ಟಿವಿ ಅಂತ ಇರುವುದನ್ನೇ ಒತ್ತಬೇಕು’ ಅಂದುಕೊಳ್ಳುತ್ತಾರೆ. ಲೆಕ್ಕ ಸರಿಯೇ, ಆದರೆ ಬಾಕ್ಸ್ ಇರುವ ಮನೆಯಲ್ಲಿ ಅಲ್ಲಿ ಚುಕ್ಕಿಯೋ ನೀಲಿ ಪರದೆಯೋ ಮಾತ್ರ ಸಿಗುತ್ತದೆ.

ಈಗ ಸಾಮಾನ್ಯವಾಗಿ ಕಾಣುವುದು ಎಚ್‌ಡಿಎಂಐ. ಚಪ್ಪಟೆ ತೂತು, ಕೆಳಗಿನ ಎರಡು ಮೂಲೆ ಸವರಿದ ಹಾಗಿರುತ್ತದೆ, ಒಳಗೆ 19 ಪಿನ್. ಚಿತ್ರವೂ ಧ್ವನಿಯೂ ಒಂದೇ ವೈರ್‌ನಲ್ಲಿ ಬರುತ್ತವೆ. ಟಿವಿಯಲ್ಲಿ ಇಂಥವು ಎರಡೋ ಮೂರೋ ಇರುತ್ತವೆ, ಪಕ್ಕದಲ್ಲಿ 1, 2, 3 ಅಂತ ನಂಬರ್ ಇರುತ್ತದೆ. ಒಂದರ ಮೇಲೆ ‘ಎಆರ್‌ಸಿ’ ಅಂತ ಬರೆದಿದ್ದರೆ ಅದು ಸೌಂಡ್‌ಬಾರ್‌ಗೆ (ಟಿವಿ ಮುಂದೆ ಇಡುವ ಉದ್ದನೆ ಸ್ಪೀಕರ್) ಅನುಕೂಲವಾಗಲಿ ಅಂತ ಮಾಡಿದ್ದು. ಸೌಂಡ್‌ಬಾರ್ ಇಲ್ಲದಿದ್ದರೆ ಬಾಕ್ಸನ್ನೂ ಅದಕ್ಕೇ ಹಾಕಬಹುದು.

ಇನ್ನೊಂದು ಎವಿ. ಹಳದಿ, ಬಿಳಿ, ಕೆಂಪು ಪಿನ್ನುಗಳು. ಹಳದಿ ಚಿತ್ರಕ್ಕೆ, ಬಿಳಿ ಎಡಗಡೆ ಧ್ವನಿಗೆ, ಕೆಂಪು ಬಲಗಡೆ ಧ್ವನಿಗೆ. ಈಚಿನ ತೆಳು ಟಿವಿಗಳಲ್ಲಿ ಮೂರು ತೂತಿಗೆ ಜಾಗ ಇಲ್ಲದೆ, ಇಯರ್‌ಫೋನ್ ಹಾಕುವಂಥ ಒಂದೇ ತೂತು ಇಟ್ಟು ಜೊತೆಗೊಂದು ಗಿಡ್ಡ ವೈರ್ ಕೊಡುತ್ತಾರೆ. ಆ ಗಿಡ್ಡ ವೈರನ್ನು ಡಬ್ಬದ ಜೊತೆ ಅಟ್ಟಕ್ಕೆ ಹಾಕಬೇಡಿ. ಅಂಗಡಿಯಲ್ಲಿ ಸಿಗುವ ಬೇರೆ ವೈರ್ ನೋಡಲು ಅದೇ ಥರ ಇದ್ದರೂ ಒಳಗಿನ ಜೋಡಣೆ ಬೇರೆ ಇರಬಹುದು, ಆಗ ಚಿತ್ರವೇ ಬರುವುದಿಲ್ಲ. ಇನ್ನೊಂದು ಮಜಾ ಇದೆ. ಕೆಲವು ಟಿವಿಗಳಲ್ಲಿ ಹಳದಿ ಮತ್ತು ಹಸಿರಿಗೆ ಒಂದೇ ತೂತು. ಹಸಿರು ಅಂದರೆ ‘ಕಾಂಪೊನೆಂಟ್’ ಅನ್ನುವ ಬೇರೆ ಸೋರ್ಸ್. ನಿಮ್ಮ ಕಲರ್ ಟಿವಿಯಲ್ಲಿ ಇದ್ದಕ್ಕಿದ್ದಂತೆ ಕಪ್ಪು ಬಿಳುಪು ಚಿತ್ರ ಬಂದರೆ ಟಿವಿಗೆ ವಯಸ್ಸಾಯಿತು ಅಂದುಕೊಳ್ಳಬೇಡಿ, ಎವಿ ಬದಲು ಕಾಂಪೊನೆಂಟ್ ಆರಿಸಿದ್ದೀರಾ ಅಂತ ಮೊದಲು ನೋಡಿ.

ರಿಮೋಟ್ ಕೈಯಲ್ಲಿದ್ದರೆ

ಟಿವಿ ರಿಮೋಟ್‌ನಲ್ಲಿ ‘ಸೋರ್ಸ್’ ಅಥವಾ ‘ಇನ್‌ಪುಟ್’ ಅಂತ ಒಂದು ಬಟನ್ ಹುಡುಕಿ. ಹಳೆಯದರಲ್ಲಿ ‘ಎವಿ’, ‘ಟಿವಿ/ಎವಿ’ ಅಥವಾ ‘ಟಿವಿ/ವಿಡಿಯೋ’ ಅಂತಿರುತ್ತದೆ. ಅಕ್ಷರ ಇಲ್ಲದಿದ್ದರೆ ಒಂದು ಚೌಕ, ಅದರೊಳಗೆ ಬಾಣ ನುಗ್ಗುತ್ತಿರುವ ಚಿತ್ರ ಇರುತ್ತದೆ. ಸಾಮಾನ್ಯವಾಗಿ ಮೇಲ್ಭಾಗದಲ್ಲಿ, ಪವರ್ ಬಟನ್‌ನ ಆಸುಪಾಸಿನಲ್ಲಿ.

ಒಂದು ಸಲ ಒತ್ತಿ. ಪಟ್ಟಿ ಬರುತ್ತದೆ. ಇಲ್ಲೇ ಅಮ್ಮ ಎಡವುತ್ತಿದ್ದದ್ದು. ಅವರು ಪಟ್ಟಿ ಬರುವ ಮೊದಲೇ ಟಪಟಪ ಅಂತ ನಾಲ್ಕು ಸಲ ಒತ್ತಿಬಿಡುತ್ತಿದ್ದರು, ಟಿವಿ ಒಂದು ಸುತ್ತು ಹೊಡೆದು ಮತ್ತೆ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತಿತ್ತು. ‘ಒತ್ತಿದೆ ಕಣೇ, ಏನೂ ಆಗಲಿಲ್ಲ’ ಅನ್ನುತ್ತಿದ್ದರು. ನಿಧಾನವಾಗಿ ಒಂದೊಂದೇ ಒತ್ತಬೇಕು. ಮೇಲೆ ಕೆಳಗೆ ಹೋಗುವ ಬಾಣದಿಂದ ಬೇಕಾದ ಹೆಸರಿನ ಮೇಲೆ ನಿಂತು ಓಕೆ ಒತ್ತಿ. ಕೆಲವು ಟಿವಿಗಳಲ್ಲಿ ಓಕೆ ಬೇಕಿಲ್ಲ, ಹೆಸರಿನ ಮೇಲೆ ಎರಡು ಮೂರು ಸೆಕೆಂಡ್ ನಿಂತರೆ ತಾನೇ ಬದಲಾಗುತ್ತದೆ. ಬದಲಾದ ಮೇಲೂ ಚಿತ್ರ ಬರಲು ನಾಲ್ಕೈದು ಸೆಕೆಂಡ್ ಹಿಡಿಯಬಹುದು, ಅಷ್ಟರಲ್ಲಿ ಮತ್ತೆ ಒತ್ತಬೇಡಿ. ಯಾವುದು ನಿಮ್ಮದು ಅಂತ ಗೊತ್ತಿಲ್ಲದಿದ್ದರೆ ಎಚ್‌ಡಿಎಂಐ 1ರಿಂದ ಶುರು ಮಾಡಿ, ಒಂದೊಂದರಲ್ಲೂ ಹತ್ತು ಎಣಿಸಿ.

ಹೊಸ ಸ್ಮಾರ್ಟ್ ಟಿವಿಗಳ ಪುಟ್ಟ ರಿಮೋಟ್‌ಗಳಲ್ಲಿ ಈ ಬಟನ್ನನ್ನೇ ತೆಗೆದುಬಿಟ್ಟಿರುತ್ತಾರೆ. ಒಟಿಟಿ ಆ್ಯಪ್‌ಗಳಿಗೆ ನಾಲ್ಕು ಬಟನ್ ಇಡುತ್ತಾರೆ, ದಿನಾ ಬೇಕಾಗುವ ಸೋರ್ಸ್‌ಗೆ ಒಂದು ಇಡುವುದಿಲ್ಲ, ಇದೆಂಥ ನ್ಯಾಯವೋ. ಸ್ಯಾಮ್‌ಸಂಗ್‌ನ ಅಂಥ ರಿಮೋಟ್ ಇದ್ದರೆ ಮನೆ ಚಿತ್ರದ ಹೋಮ್ ಬಟನ್ ಒತ್ತಿ, ಎಡಕ್ಕೆ ಹೋಗಿ, ಸೋರ್ಸ್ ಅಥವಾ ಕನೆಕ್ಟೆಡ್ ಡಿವೈಸಸ್ ಅನ್ನುವುದರೊಳಗೆ ಹೋಗಬೇಕು. ಆ್ಯಂಡ್ರಾಯ್ಡ್ ಟಿವಿಯಲ್ಲಿ ಹೋಮ್ ಒತ್ತಿದರೆ ಪರದೆಯ ಮೇಲ್ತುದಿಯಲ್ಲಿ ಬಲಗಡೆ, ಅದೇ ಚೌಕಕ್ಕೆ ನುಗ್ಗುವ ಬಾಣದ ಗುರುತು ಕಾಣುತ್ತದೆ. ಗೂಗಲ್ ಟಿವಿ ಆದರೆ ಸೆಟ್ಟಿಂಗ್ಸ್ ಗುರುತಿನೊಳಗೆ ಇನ್‌ಪುಟ್ಸ್ ಅಂತ ಇರುತ್ತದೆ. ಮೈಕ್ ಬಟನ್ ಇದ್ದರೆ ಇನ್ನೂ ಸುಲಭ. ಅದನ್ನು ಒತ್ತಿ ‘ಸ್ವಿಚ್ ಟು ಎಚ್‌ಡಿಎಂಐ ಒನ್’ ಅನ್ನಿ. ನಮ್ಮ ಮಾವ ಟಿವಿಗೆ ಗದರಿದ ಹಾಗೆ ಹೇಳುತ್ತಾರೆ, ಅವರಿಗೂ ಕೆಲಸ ಮಾಡುತ್ತದೆ.

ಲ್ಯಾಪ್‌ಟಾಪ್ ಸಿಕ್ಕಿಸಿದವರಿಗೆ ಒಂದು ಮಾತು. ಟಿವಿ ಸೋರ್ಸ್ ಸರಿ ಇದ್ದೂ ಚಿತ್ರ ಇಲ್ಲ ಅಂದರೆ ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ, ಡ್ಯೂಪ್ಲಿಕೇಟ್ ಆರಿಸಿ. ಅಷ್ಟೇ.

ರಿಮೋಟ್ ಇದೆ, ಆದರೆ ಮಾತು ಕೇಳುತ್ತಿಲ್ಲ

ರಿಮೋಟ್ ಸತ್ತಿದೆಯೋ ಬದುಕಿದೆಯೋ ನೋಡಲು ಫೋನ್ ಸಾಕು. ಸೆಲ್ಫಿ ಕ್ಯಾಮೆರಾ ತೆರೆಯಿರಿ, ರಿಮೋಟಿನ ತುದಿಯನ್ನು ಅದರ ಕಡೆ ತಿರುಗಿಸಿ, ಪವರ್ ಬಟನ್ ಒತ್ತಿ. ಫೋನಿನ ಪರದೆಯಲ್ಲಿ ತುದಿಯ ಬಲ್ಬು ನೇರಳೆ ಅಥವಾ ಬಿಳಿ ಬಣ್ಣದಲ್ಲಿ ಮಿನುಗಿದರೆ ರಿಮೋಟ್ ಬದುಕಿದೆ. ನಮ್ಮ ಕಣ್ಣಿಗೆ ಇನ್‌ಫ್ರಾರೆಡ್ ಬೆಳಕು ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಈ ಬೆಳಕನ್ನು ತಡೆಯುವ ಫಿಲ್ಟರ್ ಹೆಚ್ಚಾಗಿ ಇರುವುದರಿಂದ ಮುಂದಿನದೇ ಒಳ್ಳೆಯದು. ಸ್ಮಾರ್ಟ್ ಟಿವಿಯ ರಿಮೋಟ್ ಆದರೆ ಎಲ್ಲ ಬಟನ್‌ಗೂ ಬೆಳಕು ಬರದಿರಬಹುದು, ಕೆಲವು ಬಟನ್‌ಗಳು ಬ್ಲೂಟೂತ್‌ನಲ್ಲಿ ಹೋಗುತ್ತವೆ. ಅದಕ್ಕೇ ಪವರ್ ಬಟನ್‌ನಿಂದಲೇ ನೋಡಿ ಅಂದಿದ್ದು.

ಬೆಳಕು ಬರಲಿಲ್ಲ ಅಂದರೆ ಸೆಲ್ ಬದಲಿಸಿ. ಬದಲಿಸಿದರೂ ಇಲ್ಲ ಅಂದರೆ ಸೆಲ್ ಕೂರುವ ಸ್ಪ್ರಿಂಗ್ ನೋಡಿ. ಹಸಿರು ಅಥವಾ ಬಿಳಿ ಪುಡಿ ಕಟ್ಟಿದ್ದರೆ ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ ತೆಗೆಯಿರಿ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಳೆಗಾಲದ ಥಂಡಿಗೆ ಇದು ಮಾಮೂಲು.

ಬೆಳಕು ಬರುತ್ತಿದೆ, ಟಿವಿ ಮಾತ್ರ ಕೇಳುತ್ತಿಲ್ಲ ಅಂದರೆ ನಡುವೆ ಏನೋ ಅಡ್ಡ ಇದೆ. ಟಿವಿಯ ಕೆಳಗಿನ ಅಂಚಿನಲ್ಲಿ, ಸಣ್ಣ ಕೆಂಪು ದೀಪದ ಪಕ್ಕ, ರಿಮೋಟಿನ ಬೆಳಕು ಹಿಡಿಯುವ ಕಣ್ಣು ಇರುತ್ತದೆ. ಸೌಂಡ್‌ಬಾರ್ ತಂದಿಟ್ಟರೆ ಸರಿಯಾಗಿ ಅದರ ಮುಂದೆಯೇ ಕೂರುತ್ತದೆ. ನಮ್ಮ ಮನೆಯಲ್ಲಿ ಒಂದು ಸಲ ಗೌರಿ ಹಬ್ಬಕ್ಕೆ ಟಿವಿ ಸ್ಟ್ಯಾಂಡ್ ಮೇಲೆ ಜೋಡಿಸಿದ ಬೊಂಬೆ ಅಡ್ಡ ಇತ್ತು, ಮೂರು ದಿನ ರಿಮೋಟ್‌ಗೆ ಬೈದೆವು. ಇನ್ನು ರಿಮೋಟ್‌ಗೆ ಹಾಕುವ ಆ ಪ್ಲಾಸ್ಟಿಕ್ ಕವರ್! ಹೊಸದರಲ್ಲಿ ಸರಿ, ವರ್ಷ ಕಳೆದು ಅದು ಹಳದಿಯಾಗಿ, ಎಣ್ಣೆ ಕೈ ತಾಗಿ ಮಬ್ಬಾದ ಮೇಲೆ ಬೆಳಕು ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ತುದಿಯ ಕಡೆ ಕವರನ್ನು ಒಂದಿಂಚು ಕತ್ತರಿಸಿಬಿಡಿ, ಕವರೂ ಇರಲಿ, ಬೆಳಕೂ ಹೋಗಲಿ.

ರಿಮೋಟ್ ಇಲ್ಲವೇ ಇಲ್ಲ

ಸೋಫಾ ಸಂದಿ, ದಿಂಬಿನ ಕೆಳಗೆ, ಫ್ರಿಜ್ ಮೇಲೆ, ಎಲ್ಲ ನೋಡಿ ಆಯಿತು ಅಂತ ಇಟ್ಟುಕೊಳ್ಳೋಣ.

ನನಗೆ ಗೊತ್ತಿರುವುದರಲ್ಲಿ ಅತಿ ಸುಲಭದ ಉಪಾಯ ಇದು, ಯಾಕೋ ಯಾರಿಗೂ ಹೊಳೆಯುವುದಿಲ್ಲ: ಟಿವಿಯನ್ನು ಬಾಕ್ಸಿನ ಕಡೆ ತಿರುಗಿಸಲು ಆಗದಿದ್ದರೆ ಬಾಕ್ಸನ್ನೇ ಟಿವಿ ನೋಡುತ್ತಿರುವ ಕಡೆಗೆ ತನ್ನಿ. ಪರದೆಯಲ್ಲಿ ‘ಎಚ್‌ಡಿಎಂಐ 2, ನೋ ಸಿಗ್ನಲ್’ ಅಂತ ಇದೆ ತಾನೇ? ಬಾಕ್ಸಿನ ವೈರ್ 1ರಲ್ಲಿದ್ದರೆ ಅದನ್ನು ಕಿತ್ತು 2ಕ್ಕೆ ಸಿಕ್ಕಿಸಿ. ಮುಗಿಯಿತು. ವೈರ್ ಕೀಳುವ ಮೊದಲು ಮಾತ್ರ ಬಾಕ್ಸಿನ ಸ್ವಿಚ್ ಆಫ್ ಮಾಡಿ. ವೈರ್ ಎಳೆಯಬೇಡಿ, ತಲೆ ಹಿಡಿದು ನೇರವಾಗಿ ಹೊರಗೆ ತೆಗೆಯಿರಿ. ಹೊಸ ತೂತಿಗೆ ಹಾಕುವಾಗ ಸವರಿದ ಮೂಲೆಗಳು ಯಾವ ಕಡೆ ಅಂತ ಬೆರಳಲ್ಲಿ ಮುಟ್ಟಿ ನೋಡಿ ಹಾಕಿ, ಒತ್ತಾಯ ಮಾಡಿದರೆ ಒಳಗಿನ ಪಿನ್ ಬಾಗುತ್ತದೆ. ಟಿವಿ ಗೋಡೆಗೆ ಅಂಟಿದ ಹಾಗಿದ್ದರೆ ಕೈ ಹೋಗುವುದು ಕಷ್ಟ, ಆಗ ಫೋನ್ ಕ್ಯಾಮೆರಾವನ್ನು ಹಿಂದೆ ತೂರಿಸಿ ಒಂದು ಫೋಟೊ ತೆಗೆದು ನಂಬರ್ ನೋಡಿಕೊಳ್ಳಿ. ಕೆಲವು ಟಿವಿಗಳು ಇನ್ನೂ ಜಾಣ. ಟಿವಿ ಆನ್ ಇರುವಾಗ ವೈರ್ ಕಿತ್ತು ಮತ್ತೆ ಹಾಕಿದರೆ ‘ಹೊಸದೇನೋ ಬಂತು’ ಅಂತ ತಾನೇ ಆ ಸೋರ್ಸ್‌ಗೆ ಹಾರುತ್ತವೆ.

ಪರದೆಯಲ್ಲಿ ಯುಎಸ್‌ಬಿಯೋ ಆ್ಯಪ್ ಪುಟವೋ ಇದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಟಿವಿಯಲ್ಲೇ ಇರುವ ಬಟನ್ ಹುಡುಕಬೇಕು.

ಹಳೆಯ ಎಲ್‌ಸಿಡಿ, ಎಲ್‌ಇಡಿ ಟಿವಿಗಳಲ್ಲಿ ಬಲಗಡೆ ಅಂಚಿನಲ್ಲೋ ಹಿಂಬದಿಯಲ್ಲೋ ಐದಾರು ಬಟನ್ ಸಾಲಾಗಿರುತ್ತವೆ. ಅದರಲ್ಲೇ ಸೋರ್ಸ್ ಅಥವಾ ಇನ್‌ಪುಟ್ ಇರುತ್ತದೆ. ಓಕೆ ಬಟನ್ ಎಲ್ಲಿ ಅಂತ ಹುಡುಕಬೇಡಿ, ಬಹಳಷ್ಟು ಟಿವಿಗಳಲ್ಲಿ ಚಾನೆಲ್ ಬಟನ್ ಮೇಲೆ ಕೆಳಗೆ ಹೋಗಲು, ವಾಲ್ಯೂಮ್ ಜಾಸ್ತಿ ಮಾಡುವ ಬಟನ್ನೇ ಓಕೆ.

ಹೊಸ ಟಿವಿಗಳಲ್ಲಿ ಹೆಚ್ಚಾಗಿ ಒಂದೇ ಬಟನ್. ಎಲ್‌ಜಿಯಲ್ಲಿ ಮುಂದೆ ಹೆಸರು ಬರೆದ ಜಾಗದ ಸರಿಯಾಗಿ ಕೆಳಗೆ, ಅಂಚಿನ ಅಡಿಯಲ್ಲಿ ಬೆರಳಾಡಿಸಿದರೆ ಸಿಗುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಕೆಳ ಅಂಚಿನ ನಡುವೆ ಇರಬಹುದು, ಇಲ್ಲವೇ ಹಿಂಬದಿಯ ಕೆಳ ಮೂಲೆಯಲ್ಲಿ. ಸೋನಿಯಲ್ಲಿ ಮಾಡೆಲ್‌ಗೊಂದು ಜಾಗ, ಹಿಂದೆ ಅಥವಾ ಕೆಳಗೆ. ಕತ್ತಲೆಯಲ್ಲಿ ಹಲ್ಲಿ ಹುಡುಕಿದ ಹಾಗೆ ತಡಕಾಡಬೇಡಿ, ಟಾರ್ಚ್ ಹಾಕಿ ನೋಡಿ.

ಒಂದೇ ಬಟನ್‌ನಿಂದ ಪಟ್ಟಿಯಲ್ಲಿ ಓಡಾಡುವುದು ಹೀಗೆ. ಒಂದು ಸಲ ಚಿಕ್ಕದಾಗಿ ಒತ್ತಿ, ಪರದೆಯಲ್ಲಿ ಸಣ್ಣ ಮೆನು ಬರುತ್ತದೆ. ಮತ್ತೆ ಮತ್ತೆ ಚಿಕ್ಕದಾಗಿ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಜಾರುತ್ತದೆ. ಸೋರ್ಸ್ ಗುರುತಿಗೆ ಬಂದಾಗ ಒಂದೆರಡು ಸೆಕೆಂಡ್ ಒತ್ತಿ ಹಿಡಿಯಿರಿ, ಅದೇ ಓಕೆ. ಒಳಗಿನ ಪಟ್ಟಿಯಲ್ಲೂ ಅದೇ ಲೆಕ್ಕ, ಚಿಕ್ಕದು ಸರಿಯಲು, ಉದ್ದದ್ದು ಆರಿಸಲು. ಮೆನು ಬರುವ ಮೊದಲೇ ಉದ್ದಕ್ಕೆ ಒತ್ತಿದರೆ ಟಿವಿ ಆರಿಹೋಗುತ್ತದೆ, ಗಾಬರಿ ಬೇಡ, ಮತ್ತೆ ಆನ್ ಮಾಡಿ. ಬಟನ್ ಎಡ ಬಲ ಅಲ್ಲಾಡುವ ಥರದ್ದಾದರೆ ಆ ಕಡೆ ಈ ಕಡೆ ತಳ್ಳಿ ಸರಿಯಬೇಕು, ನಡುವೆ ಒತ್ತಿ ಆರಿಸಬೇಕು. ಅಗ್ಗದ ಕೆಲವು ಟಿವಿಗಳಲ್ಲಿ ಮಾತ್ರ ಆ ಒಂದು ಬಟನ್ ಬರೀ ಆನ್ ಆಫ್‌ಗೆ. ಅಂಥದ್ದಾದರೆ ಮುಂದಿನದನ್ನು ಓದಿ.

ಮೌಸ್! ಹೌದು, ಕಂಪ್ಯೂಟರ್ ಮೌಸ್. ಆ್ಯಂಡ್ರಾಯ್ಡ್ ಅಥವಾ ಗೂಗಲ್ ಟಿವಿಯ ಯುಎಸ್‌ಬಿ ತೂತಿಗೆ ಮೌಸ್ ಸಿಕ್ಕಿಸಿದರೆ ಪರದೆ ಮೇಲೆ ಬಾಣ ಬರುತ್ತದೆ. ಎಡ ಕ್ಲಿಕ್ ಓಕೆ, ಬಲ ಕ್ಲಿಕ್ ಹಿಂದಕ್ಕೆ. ಮೇಲಿನ ಇನ್‌ಪುಟ್ಸ್ ಗುರುತಿಗೆ ಹೋಗಿ ಕ್ಲಿಕ್ ಮಾಡಿ. ರಿಮೋಟ್ ಕಳೆದ ಮನೆಯಲ್ಲಿ ಮಕ್ಕಳ ಹಳೇ ಲ್ಯಾಪ್‌ಟಾಪ್ ಮೌಸ್ ಎಲ್ಲಾದರೂ ಬಿದ್ದಿರುತ್ತದೆ ಅಲ್ವಾ?

ಫೋನನ್ನೂ ರಿಮೋಟ್ ಮಾಡಿಕೊಳ್ಳಬಹುದು, ಎರಡು ಥರ. ಸ್ಮಾರ್ಟ್ ಟಿವಿ ಆದರೆ ಟಿವಿಯೂ ಫೋನೂ ಒಂದೇ ವೈಫೈಯಲ್ಲಿರಬೇಕು. ಗೂಗಲ್ ಟಿವಿ, ಆ್ಯಂಡ್ರಾಯ್ಡ್ ಟಿವಿಗೆ ಗೂಗಲ್ ಟಿವಿ ಆ್ಯಪ್, ಸ್ಯಾಮ್‌ಸಂಗ್‌ಗೆ ಸ್ಮಾರ್ಟ್‌ಥಿಂಗ್ಸ್, ಎಲ್‌ಜಿಗೆ ಥಿಂಕ್‌ಕ್ಯೂ. ಮೊದಲ ಸಲ ಟಿವಿ ಪರದೆಯಲ್ಲಿ ಒಂದು ಕೋಡ್ ಬರಬಹುದು, ಅದನ್ನು ಫೋನಿನಲ್ಲಿ ಹಾಕಬೇಕು. ಕೆಲವು ಟಿವಿಗಳು ‘ಇದನ್ನು ಒಪ್ಪುತ್ತೀರಾ’ ಅಂತ ಕೇಳಿ ರಿಮೋಟ್‌ನಿಂದಲೇ ಓಕೆ ಕೇಳುತ್ತವೆ, ಹಾಗಾಗಿ ರಿಮೋಟ್ ಕೈಯಲ್ಲಿರುವಾಗಲೇ ಈ ಜೋಡಣೆ ಮಾಡಿಟ್ಟುಕೊಳ್ಳಿ. ವೈಫೈ ಇಲ್ಲದ ಹಳೇ ಟಿವಿಗೆ ಇನ್ನೊಂದು ದಾರಿ. ರೆಡ್‌ಮಿ, ಪೊಕೊದ ಹಲವು ಫೋನ್‌ಗಳ ಮೇಲಂಚಿನಲ್ಲಿ ರಿಮೋಟ್‌ನಂಥದ್ದೇ ಇನ್‌ಫ್ರಾರೆಡ್ ಬಲ್ಬು ಇದೆ. ಅದರ ಜೊತೆ ಬರುವ ಮಿ ರಿಮೋಟ್ ಆ್ಯಪ್ ತೆರೆದು, ಟಿವಿ ಅಂತ ಆರಿಸಿ, ಕಂಪನಿ ಹೆಸರು ಹುಡುಕಿ, ಫೋನನ್ನು ಟಿವಿ ಕಡೆ ಹಿಡಿದು ಒಂದೊಂದೇ ಬಟನ್ ಪರೀಕ್ಷಿಸಿದರೆ ಸಾಕು. ನಿಮ್ಮ ಫೋನಿನಲ್ಲಿ ಇಲ್ಲದಿದ್ದರೆ ಮನೆಯಲ್ಲಿ ಯಾರದ್ದಾದರೂ ಫೋನಿನಲ್ಲಿ ಇದೆಯಾ ನೋಡಿ.

ಬಾಕ್ಸಿನ ರಿಮೋಟ್‌ಗೆ ಪಾಠ ಹೇಳಿಕೊಡಿ

ಅಮ್ಮನ ಮನೆಯ ತೊಂದರೆಗೆ ಕೊನೆಗೂ ಮದ್ದಾಗಿದ್ದು ಇದು. ಕೇಬಲ್ ಅಥವಾ ಡಿಟಿಎಚ್ ಬಾಕ್ಸಿನ ರಿಮೋಟ್ ಒಮ್ಮೆ ಸರಿಯಾಗಿ ನೋಡಿ. ಬಹಳಷ್ಟರಲ್ಲಿ ಒಂದು ಮೂಲೆಯಲ್ಲಿ ಗೆರೆ ಹಾಕಿ ಬೇರೆ ಮಾಡಿದ ನಾಲ್ಕೈದು ಬಟನ್ ಇರುತ್ತವೆ, ಮೇಲೆ ‘ಟಿವಿ’ ಅಂತ ಬರೆದಿರುತ್ತದೆ. ಪವರ್, ವಾಲ್ಯೂಮ್, ಟಿವಿ/ಎವಿ ಮತ್ತು ‘ಸೆಟ್’. ಅವು ಖಾಲಿ ಬಟನ್‌ಗಳು. ಟಿವಿ ರಿಮೋಟ್ ಏನು ಹೇಳುತ್ತದೋ ಅದನ್ನು ಕೇಳಿಸಿಕೊಂಡು ನೆನಪಿಟ್ಟುಕೊಳ್ಳುವ ಶಕ್ತಿ ಅವಕ್ಕಿದೆ.

1. ಎರಡೂ ರಿಮೋಟ್‌ಗಳನ್ನು ಮೇಜಿನ ಮೇಲೆ ಎದುರುಬದುರು ಇಡಿ, ಬಲ್ಬಿನ ತುದಿಗಳು ಒಂದನ್ನೊಂದು ನೋಡುವ ಹಾಗೆ. ನಡುವೆ ಎರಡು ಬೆರಳಿನಷ್ಟು ಜಾಗ.
2. ಬಾಕ್ಸಿನ ರಿಮೋಟ್‌ನಲ್ಲಿ ‘ಸೆಟ್’ ಬಟನ್ ಒತ್ತಿ ಹಿಡಿಯಿರಿ. ಕೆಲವದರಲ್ಲಿ ಸೆಟ್ ಇರುವುದಿಲ್ಲ, ಟಿವಿ ಪವರ್ ಬಟನ್ನೇ ಒತ್ತಿ ಹಿಡಿಯಬೇಕು. ಕೆಂಪು ದೀಪ ಸ್ಥಿರವಾಗಿ ಉರಿಯುವವರೆಗೆ ಬಿಡಬೇಡಿ.
3. ಈಗ ಬಾಕ್ಸಿನ ರಿಮೋಟ್‌ನಲ್ಲಿ ‘ಟಿವಿ/ಎವಿ’ ಒಂದು ಸಲ ಒತ್ತಿ. ದೀಪ ಮಿನುಗಲು ಶುರುವಾಗುತ್ತದೆ, ಅಂದರೆ ಅದು ಕಿವಿ ನಿಮಿರಿಸಿ ಕಾಯುತ್ತಿದೆ.
4. ಟಿವಿ ರಿಮೋಟ್‌ನಲ್ಲಿ ‘ಸೋರ್ಸ್’ ಒತ್ತಿ. ಬಾಕ್ಸಿನ ರಿಮೋಟಿನ ದೀಪ ಬೇರೆ ಥರ ಮಿನುಗಿದರೆ ಕಲಿತಾಯಿತು.
5. ಹೀಗೇ ಪವರ್, ವಾಲ್ಯೂಮ್‌ಗಳನ್ನೂ ಕಲಿಸಿ. ಎಲ್ಲ ಮುಗಿದ ಮೇಲೆ ಮತ್ತೆ ‘ಸೆಟ್’ ಒತ್ತಿ ಹೊರಬನ್ನಿ.

ಒಂದೇ ಸಲಕ್ಕೆ ಆಗದಿರಬಹುದು. ನನಗೆ ಮೂರನೇ ಸಲಕ್ಕೆ ಆಯಿತು, ಮೊದಲೆರಡು ಸಲ ಕಿಟಕಿಯ ಬಿಸಿಲಿನಲ್ಲಿ ಕೂತಿದ್ದೆ, ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಅದು ಗಲಿಬಿಲಿಯಾಗುತ್ತಿತ್ತು. ನೆರಳಿಗೆ ಹೋದಮೇಲೆ ಸರಿಯಾಯಿತು. ನೆನಪಿರಲಿ, ಇದಕ್ಕೆ ಕೆಲಸ ಮಾಡುವ ಟಿವಿ ರಿಮೋಟ್ ಬೇಕು. ಅದು ಕಳೆದುಹೋದ ಮೇಲೆ ಪಾಠ ಹೇಳಲು ಮೇಷ್ಟ್ರೇ ಇರುವುದಿಲ್ಲ. ಬಟನ್ ಬ್ಲೂಟೂತ್‌ನದ್ದಾದರೂ ಕಲಿಯುವುದಿಲ್ಲ.

ಇದ್ಯಾವುದೂ ಆಗದಿದ್ದರೆ ಹೊಸ ರಿಮೋಟ್ ಕೊಳ್ಳಿ. ಕಂಪನಿಯದ್ದೇ ಬೇಕೆಂದಿಲ್ಲ, ಬೆಂಗಳೂರಿನ ಎಸ್‌.ಪಿ. ರೋಡಿನಲ್ಲೂ ಸಣ್ಣ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಹೊಂದುವ ರಿಮೋಟ್ ಸಿಗುತ್ತವೆ. ಟಿವಿ ಹಿಂದಿನ ಸ್ಟಿಕ್ಕರ್‌ನ ಫೋಟೊ ತೆಗೆದುಕೊಂಡು ಹೋಗಿ, ಮಾಡೆಲ್ ನಂಬರ್ ಬಾಯಲ್ಲಿ ಹೇಳಲು ಹೋದರೆ ಬೇರೆಯದೇ ಕೊಟ್ಟು ಕಳಿಸುತ್ತಾರೆ. ಅಗ್ಗದ್ದರಲ್ಲಿ ಮೈಕ್ ಕೆಲಸ ಮಾಡುವುದು ಕಡಿಮೆ, ಸೋರ್ಸ್ ಬದಲಿಸಲು ಧಾರಾಳ ಸಾಕು.

ತಾನೇ ಬದಲಾಗುವ ಟಿವಿ

ಕೆಲವರದ್ದು ಉಲ್ಟಾ ದೂರು. ‘ನಾನೇನೂ ಒತ್ತಿಲ್ಲ, ಸುದ್ದಿ ನೋಡುತ್ತಿದ್ದೆ, ಟಿವಿ ತಾನೇ ಇನ್ನೊಂದಕ್ಕೆ ಹೋಯಿತು.’ ದೆವ್ವ ಅಲ್ಲ, ಇದರ ಹೆಸರು ಸಿಇಸಿ. ಎಚ್‌ಡಿಎಂಐ ವೈರ್‌ನ 19 ಪಿನ್‌ಗಳಲ್ಲಿ ಒಂದು, 13ನೆಯದು, ಟಿವಿ ಮತ್ತು ಅದಕ್ಕೆ ಸಿಕ್ಕಿಸಿದ ಸಾಮಾನುಗಳು ಒಂದಕ್ಕೊಂದು ಮಾತಾಡಿಕೊಳ್ಳಲು ಇರುವುದು. ಫೈರ್ ಟಿವಿ ಸ್ಟಿಕ್ (ಒಟಿಟಿ ನೋಡಲು ಎಚ್‌ಡಿಎಂಐ ತೂತಿಗೆ ಸಿಕ್ಕಿಸುವ ಪುಟ್ಟ ಸಾಮಾನು) ಎಚ್ಚರಾದ ಕೂಡಲೇ ಟಿವಿಗೆ ‘ನನ್ನ ಕಡೆ ತಿರುಗು’ ಅನ್ನುತ್ತದೆ, ಟಿವಿ ತಿರುಗುತ್ತದೆ. ಕರೆಂಟ್ ಹೋಗಿ ಬಂದಾಗ ಇದು ನಡೆಯುವುದು ಜಾಸ್ತಿ, ಎಲ್ಲವೂ ಒಟ್ಟಿಗೆ ಏಳುತ್ತವೆ, ಯಾರು ಕೊನೆಗೆ ಕೂಗಿದರೋ ಅವರ ಕಡೆ ಟಿವಿ.

ರಿಮೋಟ್ ಕಳೆದಾಗ ಇದೇ ವರ. ಸ್ಟಿಕ್‌ನ ರಿಮೋಟ್‌ನಲ್ಲಿ ಹೋಮ್ ಒತ್ತಿದರೆ ಟಿವಿ ಆ ಸೋರ್ಸ್‌ಗೆ ಬಂದು ನಿಲ್ಲುತ್ತದೆ. ಕಾಟ ಅನ್ನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು. ಆದರೆ ಸಿಇಸಿ ಅನ್ನುವ ಹೆಸರಿನಲ್ಲಿ ಹುಡುಕಿದರೆ ಸಿಗದಿರಬಹುದು, ಒಂದೊಂದು ಕಂಪನಿ ಒಂದೊಂದು ನಾಮಕರಣ ಮಾಡಿದೆ. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್, ಪ್ಯಾನಸಾನಿಕ್‌ನಲ್ಲಿ ವಿಯೆರಾ ಲಿಂಕ್. ಆ್ಯಂಡ್ರಾಯ್ಡ್ ಟಿವಿಯಲ್ಲಿ ಇನ್‌ಪುಟ್ಸ್ ಸೆಟ್ಟಿಂಗ್‌ನೊಳಗೆ ಎಚ್‌ಡಿಎಂಐ ಕಂಟ್ರೋಲ್ ಅಂತ ನೋಡಿ. ಸೌಂಡ್‌ಬಾರ್ ಎಚ್‌ಡಿಎಂಐ ಎಆರ್‌ಸಿಯಲ್ಲಿ ಹಾಕಿದ್ದರೆ ಇದನ್ನು ಆಫ್ ಮಾಡಿದಾಗ ಅದರ ಧ್ವನಿಯೂ ನಿಲ್ಲಬಹುದು, ಅಂಥವರು ಟಿವಿಯಲ್ಲಿ ಆಫ್ ಮಾಡದೆ ಸ್ಟಿಕ್‌ನ ಸೆಟ್ಟಿಂಗ್‌ನಲ್ಲೇ ಆಫ್ ಮಾಡುವುದು ಮೇಲು.

ದಪ್ಪ ಟಿವಿ ಇನ್ನೂ ಇರುವವರಿಗೆ: ಮುಂದೆ ಕೆಳಗಡೆ ಒಂದು ಮುಚ್ಚಳ ಇರಬಹುದು, ಬೆರಳಿನಿಂದ ತಳ್ಳಿದರೆ ತೆರೆಯುತ್ತದೆ, ಒಳಗೆ ಟಿವಿ/ಎವಿ ಬಟನ್ ನೋಡಿ. ಇಲ್ಲದಿದ್ದರೆ ಚಾನೆಲ್ ಕಡಿಮೆ ಮಾಡುವ ಬಟನ್ ಒತ್ತುತ್ತಾ ಒಂದನೇ ಚಾನೆಲ್ ದಾಟಿ ಕೆಳಗೆ ಹೋಗಿ, ಕೆಲವು ಸೆಟ್‌ಗಳಲ್ಲಿ ಎವಿ ಅಲ್ಲಿ ಅಡಗಿ ಕೂತಿರುತ್ತದೆ. ಹೋಟೆಲ್ ರೂಮಿನ ಟಿವಿಯಲ್ಲಿ ಇದೆಲ್ಲ ಮಾಡಿಯೂ ಸೋರ್ಸ್ ಬದಲಾಗದಿದ್ದರೆ ಬೀಗ ಹಾಕಿರುತ್ತಾರೆ, ರಿಸೆಪ್ಶನ್‌ಗೆ ಫೋನ್ ಮಾಡಿ.

ಎಲ್ಲ ಸರಿಯಾದ ಮೇಲೆ ಎರಡು ನಿಮಿಷದ ಒಂದು ಕೆಲಸ ಮಾಡಿ. ಬಹಳಷ್ಟು ಟಿವಿಗಳಲ್ಲಿ ಸೋರ್ಸ್‌ಗಳ ಹೆಸರು ಬದಲಿಸಬಹುದು, ಬೇಡದ್ದನ್ನು ಪಟ್ಟಿಯಿಂದ ಮರೆಮಾಡಬಹುದು. ಸೋರ್ಸ್ ಪಟ್ಟಿಯಲ್ಲೇ ಎಡಿಟ್ ಅಂತ ಇರುತ್ತದೆ, ಇಲ್ಲವೇ ಸೆಟ್ಟಿಂಗ್ಸ್‌ನ ಇನ್‌ಪುಟ್ಸ್ ಒಳಗೆ. ಅಮ್ಮನ ಟಿವಿಯಲ್ಲಿ ಎಚ್‌ಡಿಎಂಐ 1ರ ಹೆಸರನ್ನು ‘ಕೇಬಲ್’ ಅಂತ ಮಾಡಿ, ಕಾಂಪೊನೆಂಟ್, ಎವಿ, ಎಚ್‌ಡಿಎಂಐ 3 ಮೂರನ್ನೂ ಮರೆಮಾಡಿದೆ. ಎಂಟಿದ್ದ ಪಟ್ಟಿ ಐದಾಯಿತು. ರಿಮೋಟಿನ ಸೋರ್ಸ್ ಬಟನ್ ಮೇಲೆ ಒಂದು ಚುಕ್ಕಿ ಕೆಂಪು ನೇಲ್ ಪಾಲಿಶ್ ಇಟ್ಟೆ. ಈಗ ಫೋನಿನಲ್ಲಿ ‘ಅಮ್ಮ, ಕುಂಕುಮದ ಬಟನ್ ಒತ್ತು, ಕೇಬಲ್ ಅಂತ ಇರೋದಕ್ಕೆ ಹೋಗು’ ಅಂದರೆ ಸಾಕಾಗುತ್ತದೆ. ಹೋದ ವಾರ ಅಷ್ಟನ್ನೂ ಹೇಳಲಿಲ್ಲ, ‘ಟಿವಿ ಹೋಗಿತ್ತು, ನಾನೇ ಸರಿಮಾಡಿಕೊಂಡೆ, ಈಗ ಫೋನ್ ಇಡು, ಧಾರಾವಾಹಿ ಶುರುವಾಯ್ತು’ ಅಂತ ಅವರೇ ಹೇಳಿ ಇಟ್ಟುಬಿಟ್ಟರು.